ಮೇಕೆಗಿಂತ ಮೊದಲು ಸೊಪ್ಪು



ಈಚೆಗೆ ತುಮಕೂರಿನ ನಮ್ಮ ಮನೆಗೆ ಬರುವ ನಿಮ್ಮಲ್ಲಿ ಹಲವರು, “ಮೇಷ್ಟ್ರೇ, ಊರಿನಲ್ಲಿ ಮತ್ತೆ ಮೇಕೆ ಸಾಕೋಣವೆಂದಿದ್ದೇವೆ” ಎನ್ನುತ್ತೀರಿ. ಕೇಳಿ ಸಂತೋಷವಾಗುತ್ತದೆ. ಆದರೆ ಮರುಕ್ಷಣವೇ ಮಾತು ಶೆಡ್ಡು, ಸಾಲ, ಸಬ್ಸಿಡಿ, ಬೋಯರ್ ಹೋತಗಳ ಕಡೆಗೆ ಹೊರಳುತ್ತದೆ. ಈ ಕ್ರಮವೇ ತಲೆಕೆಳಗಾದುದೆಂಬುದು ನನ್ನ ವಾದ.

ಒಂದು ಸರಳ ಲೆಕ್ಕ ಮಾಡೋಣ. 2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್, 500 ಹೆಣ್ಣು ಮೇಕೆ ಹಾಗೂ 25 ಹೋತಗಳ ಘಟಕಕ್ಕೆ ಶೇಕಡಾ 50ರಂತೆ, ಗರಿಷ್ಠ 50 ಲಕ್ಷ ರೂಪಾಯಿ ಸಹಾಯಧನವನ್ನು ಗೊತ್ತುಮಾಡಿತು. ಬೆಳೆದ ಮೇಕೆಯೊಂದಕ್ಕೆ ದಿನಕ್ಕೆ ಸುಮಾರು 4 ಕಿಲೋ ಹಸಿರು ಮೇವು ಬೇಕೆಂದರೆ, 525 ಮೇಕೆಗಳಿಗೆ 2,100 ಕಿಲೋ! ದಿನವೂ ಎರಡು ಟನ್ನಿಗೆ ಮಿಕ್ಕ ಮೇವನ್ನು ಎಲ್ಲಿಂದ ತರುವಿರಿ? ಸಹಾಯಧನ ಶೆಡ್ಡನ್ನು ಕಟ್ಟೀತು. ಮೇಕೆಯ ಹೊಟ್ಟೆಯನ್ನು ತುಂಬಿಸಲಾರದು.

“ಹಿಂದೆ ಸಾಕುತ್ತಿರಲಿಲ್ಲವೇ?” ಎನ್ನಬಹುದು. ಹಿಂದೆ ಗೋಮಾಳವಿತ್ತು, ಕೆರೆಯಂಗಳವಿತ್ತು, ಹೊಲದ ಬದುವಿನಲ್ಲಿ ಜಾಲಿ, ಬೇವು, ಆಲಗಳಿದ್ದವು. ನಾವು ಮೇಕೆಗಳನ್ನು ಮಾರಿ ಕೈತೊಳೆದುಕೊಂಡ ಈ ವರ್ಷಗಳಲ್ಲಿ ಗುಬ್ಬಿಯ ಕಡೆ ಎಷ್ಟೋ ರಾಗಿ ಹೊಲಗಳು ಅಡಿಕೆ, ತೆಂಗಿನ ತೋಟಗಳಾದವು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆ ನಿಜ. ಸೊಪ್ಪೇ ಇಲ್ಲವಾದರೆ ಅದು ಮುಟ್ಟುವುದಾದರೂ ಏನನ್ನು?

ಈ ಅವಸರದ ಫಲವನ್ನು ನಾನೂ ಉಂಡಿದ್ದೇನೆ. ನಿವೃತ್ತಿಯ ನಂತರ ಕುಣಿಗಲ್ ಸಮೀಪದ ನಮ್ಮ ಜಮೀನಿಗೆಂದು ಸಂತೆಯಿಂದ ಹನ್ನೆರಡು ಮೇಕೆಗಳನ್ನು ತಂದೆ. ಲಸಿಕೆ ಹಾಕಿಸಿದೆಯೇ ಎಂದು ವಿಚಾರಿಸಲಿಲ್ಲ. ಬೇರೆಯಾಗಿ ಕಟ್ಟಲೂ ಇಲ್ಲ. ಪಿ.ಪಿ.ಆರ್. ರೋಗ ಹದಿನೈದು ದಿನಗಳೊಳಗೆ ಏಳನ್ನು ಬಲಿ ತೆಗೆದುಕೊಂಡಿತು. ನನ್ನ ತಾಯಿ ಒಂದೊಂದು ಮೇಕೆಯನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಒಂದು ಮೆಲುಕು ಹಾಕದಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ಆ ಅರಿವನ್ನು ಕಳೆದುಕೊಂಡ ನಾನು ದುಡ್ಡಿನಿಂದ ಅದನ್ನು ತುಂಬಿಕೊಳ್ಳಲು ಹೊರಟಿದ್ದೆ.

ದೊಡ್ಡದಾಗಿ ಮಾಡಿದರೇ ಲಾಭವೆಂಬ ಮಾತನ್ನು ನಾನು ಒಪ್ಪಲಾರೆ. ಮೇಕೆಯ ಗರ್ಭಾವಧಿ ಐದೇ ತಿಂಗಳು. ಅವಳಿ ಮರಿಗಳು ಅಪರೂಪವಲ್ಲ. ಐದು ಮೇಕೆಗಳ ಹಿಂಡು ತಾನಾಗಿ ಬೆಳೆಯುತ್ತದೆ, ಜೊತೆಗೆ ನಿಮ್ಮ ತಿಳಿವಳಿಕೆಯೂ ಬೆಳೆಯುತ್ತದೆ. ಐದರಲ್ಲಿ ಮಾಡಿದ ತಪ್ಪನ್ನು ಸಹಿಸಬಹುದು, ಐನೂರರಲ್ಲಿ ಮಾಡಿದ ತಪ್ಪು ಮನೆಯನ್ನೇ ಮುಳುಗಿಸುತ್ತದೆ.

ಮೊದಲ ವರ್ಷ ಬದುವಿನ ಮೇಲೆ ಅಗಸೆ, ನುಗ್ಗೆ, ಹಿಪ್ಪುನೇರಳೆ ನೆಡಿ. ಅನಂತರ ನಮ್ಮ ಸೀಮೆಯ ನಂದಿದುರ್ಗ ತಳಿಯ ನಾಲ್ಕೈದು ಮೇಕೆಗಳನ್ನು ತನ್ನಿ. ಬಿಸಿಲು, ಬರ ಎರಡನ್ನೂ ಬಲ್ಲ ತಳಿಯದು. ತಂದವನ್ನು ಮೂರು ವಾರ ಪ್ರತ್ಯೇಕವಾಗಿ ಕಟ್ಟಿ. ಪಿ.ಪಿ.ಆರ್. ಲಸಿಕೆಯನ್ನೂ, ಮಳೆಗಾಲಕ್ಕೆ ಮುನ್ನ ಕರುಳುಬೇನೆಯ ಲಸಿಕೆಯನ್ನೂ ಹಾಕಿಸಿ. ಹೋತ ತನ್ನ ಮಗಳನ್ನೇ ಕೂಡದಂತೆ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿ.

ಮುಂದಿನ ಸಲ ಬರುವಾಗ ಶೆಡ್ಡಿನ ನಕ್ಷೆಯನ್ನು ತರಬೇಡಿ. ಎಷ್ಟು ಅಗಸೆ ಗಿಡ ನೆಟ್ಟಿರೆಂದು ಹೇಳಿ. ಉಳಿದುದನ್ನು ಕಾಫಿ ಕುಡಿಯುತ್ತಾ ಮಾತನಾಡೋಣ.

ನಿಮ್ಮ ಮೇಷ್ಟ್ರು