ಹತಾರದ ಪರವಾನಿಗೆಯೂ ಹತಾರದ ಅರಿವೂ

ಪಿಸ್ತೂಲಿನ ಪರವಾನಿಗೆ ಬೇಡುವವನು ಅದನ್ನು ಹಿಡಿಯುವ ಬಗೆ, ಇಡುವ ಬಗೆ, ಕೆಡದಂತೆ ಕಾಯುವ ಬಗೆಗಳನ್ನು ಮೊದಲು ಕಲಿತಿರಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಗಳು ವಿಧಿಸಿವೆ. ವಿಧಿ ಯೋಗ್ಯವಾದದ್ದೇ. ಆದರೆ ಕಲಿತುದರ ಪ್ರಮಾಣಪತ್ರವು ಅರ್ಜಿಯ ಕಾಗದಗಳೊಡನೆ ಕಚೇರಿಯ ಫೈಲನ್ನು ಸೇರಿದ ಮೇಲೆ ಕಲಿತದ್ದು ಕೈಯಲ್ಲಿ ಉಳಿಯಿತೋ ಇಲ್ಲವೋ ಎಂದು ಕೇಳುವವರು ಯಾರು? 1962ರ ನಿಯಮಗಳ ಕಾಲಕ್ಕೆ ಪರವಾನಿಗೆ ಪಡೆದ ಹಿರಿಯರಂತೂ ಇಂಥ ಶಿಕ್ಷಣವನ್ನು ದಾಟಿ ಬಂದವರಲ್ಲ. ಅವರ ಹತಾರುಗಳು ಇಂದಿಗೂ ಪೆಟ್ಟಿಗೆಗಳಲ್ಲಿವೆ. ಕೆಲವು ಮಕ್ಕಳ ಹೆಸರಿಗೆ ವರ್ಗವಾಗಿವೆ. ಹತಾರು ವರ್ಗವಾದಷ್ಟು ಸುಲಭವಾಗಿ ಅದರ ಅರಿವು ವರ್ಗವಾಗುವದಿಲ್ಲ.

ಹಿರೇಕೆರೂರ ತಾಲೂಕಿನ ಅಬಲೂರು ಹತಾರುಗಳಿಗಾಗಿ ಹೆಸರಾದ ಊರಲ್ಲ. ಏಕಾಂತದ ರಾಮಯ್ಯನು ವಾದದ ಪಣಕ್ಕಾಗಿ ತನ್ನ ತಲೆಯನ್ನೇ ಅರಿದಿಟ್ಟು ಮರಳಿ ಪಡೆದನೆಂಬ ಕಥೆಯನ್ನು ಅಲ್ಲಿಯ ಸೋಮೇಶ್ವರ ಗುಡಿಯ ಶಾಸನವು ಹೇಳುವದು. ಅಲ್ಲಿ ಕತ್ತಿಯೂ ತನ್ನ ಕೊರಳಿಗೇ ಹೊರತು ಪರರ ಕೊರಳಿಗಲ್ಲ. ಇಂಥ ಊರುಗಳಲ್ಲಿ ಪರವಾನಿಗೆಯ ಹತಾರು ಇದ್ದರೆ ಗೋವಿನಜೋಳದ ಹೊಲಕ್ಕೆ ನುಗ್ಗುವ ಹಂದಿಯನ್ನು ಬೆದರಿಸುವ ಬಂದೂಕು ಇದ್ದೀತು. ಪೇಟೆಯ ವರ್ತಕನ ಬಳಿ, ಪೆನ್ಶನ್ ಪಡೆದ ಅಧಿಕಾರಿಯ ಬಳಿ, ನಮ್ಮ ಸರಕಾರೀ ಕಾರಖಾನೆಗಳಲ್ಲಿ ತಯಾರಾದ 32 ಬೋರಿನ ಪಿಸ್ತೂಲು ಇದ್ದೀತು. ವರ್ಷಗಟ್ಟಲೆ ಅದು ಒಂದು ಗುಂಡನ್ನೂ ಹಾರಿಸದೆ ಕೂಡ್ರುವದು. ಹಾರಿಸದ ಹತಾರಕ್ಕೆ ಆರೈಕೆ ಬೇಡವೆಂಬ ಭ್ರಾಂತಿ ಇಲ್ಲಿಂದಲೇ ಹುಟ್ಟುವದು.

ಈ ಅರಿಯಮೆಗೆ ಒಂದು ಇತಿಹಾಸವುಂಟು. 1857ರ ನವೆಂಬರದಲ್ಲಿ ಹತಾರುಗಳನ್ನು ಒಪ್ಪಿಸಿರೆಂಬ ಕಂಪನಿ ಸರಕಾರದ ಅಪ್ಪಣೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಧಿಕ್ಕರಿಸಿದರು. ಊರು ಸುಟ್ಟಿತು, ಅನೇಕರು ಗಲ್ಲಿಗೇರಿದರು. ಮರುವರ್ಷ ನರಗುಂದದ ಭಾಸ್ಕರರಾಯನು ದತ್ತಕದ ನಿರಾಕರಣೆಯಿಂದಲೂ ಹತಾರುಗಳ ಕಸಿತದಿಂದಲೂ ಕುದಿದು ದಂಗೆಯೆದ್ದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಬಳಿಕ 1878ರ ಕಾಯಿದೆ ಬಂದಿತು. ಬಿಳಿಯರಿಗೆ ವಿನಾಯಿತಿ, ನಮ್ಮವರಿಗೆ ಪರವಾನಿಗೆ! ಅಹಿಂಸೆಯ ಆಚಾರ್ಯರಾದ ಗಾಂಧೀಜಿಯವರೇ 1930ರಲ್ಲಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಜನತೆಯ ಹತೋಟಿಗೆ ಒಳಪಟ್ಟು ಆತ್ಮರಕ್ಷಣೆಯ ಹತಾರುಗಳಿಗೆ ಪರವಾನಿಗೆ ಕೊಡಬೇಕೆಂಬುದೂ ಒಂದಾಗಿತ್ತೆಂಬುದನ್ನು ಹಲವರು ಮರೆತಿರುವರು. ನಮ್ಮ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವನು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಬಲಿಯಾದನು. ಬಂದೂಕವೆಂದರೆ ಸರಕಾರದ್ದು, ಪ್ರಜೆ ಅದರ ಗುರಿ ಮಾತ್ರ ಎಂಬ ಭಾವನೆ ಮೂರು ತಲೆಮಾರು ನಮ್ಮಲ್ಲಿ ಬೇರೂರಿದ್ದರೆ ಆಶ್ಚರ್ಯವಿಲ್ಲ. 1959ರ ಕಾಯಿದೆ ಸ್ವತಂತ್ರ ದೇಶದ ಕಾಯಿದೆ. ಹತಾರು ಕೈಗೆ ಬಂದಿತು, ವಿದ್ಯೆ ಬರಲಿಲ್ಲ.

ಇದಕ್ಕೆ ಪ್ರತಿಯಾಗಿ ಕೊಡಗನ್ನು ನೋಡಿರಿ. 1861ರಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯಿಂದ ವಿನಾಯಿತಿ ನಡೆದು ಬಂದಿದೆ. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರ ಅಕ್ಟೋಬರ್ ಕೊನೆಯ ವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿ ಹಿಡಿಯಿತು. ಅಲ್ಲಿ ಕೈಲ್ ಮುಹೂರ್ತವೆಂಬ ಹಬ್ಬಕ್ಕೆ ಬಂದೂಕುಗಳು ಹೊರಬಂದು, ತಿಕ್ಕಿಸಿಕೊಂಡು, ಹೂ ಮುಡಿಯುವವು. ನಮ್ಮಲ್ಲೂ ಖಂಡೇನವಮಿ ಇದೆಯಷ್ಟೆ! ಆದರೆ ಪೂಜೆಯ ಹೆಸರಿನಲ್ಲಿ ನೀರಲ್ಲಿ ಕಲಸಿದ ಕುಂಕುಮವನ್ನೂ ವಿಭೂತಿಯನ್ನೂ ಪಿಸ್ತೂಲಿನ ಸಂದುಗಳಿಗೆ ಮೆತ್ತಿ, ಹಾಗೆಯೇ ಚರ್ಮದ ಚೀಲದಲ್ಲಿಟ್ಟು, ಮುಂದಿನ ನವಮಿಗೆ ಹೊರತೆಗೆಯುವ ಭಕ್ತರನ್ನು ಈ ಲೇಖಕನು ಬಲ್ಲನು. ದೇವಿ ಪ್ರಸನ್ನಳಾದಾಳು, ಕಬ್ಬಿಣವು ಪ್ರಸನ್ನವಾಗುವದಿಲ್ಲ. ಚರ್ಮವು ಮಳೆಗಾಲದ ತೇವವನ್ನು ಹೀರಿ ಹಿಡಿಯುವದು, ಅದನ್ನು ಹದಮಾಡಿದ ಲವಣಗಳು ಉಕ್ಕನ್ನು ತಿನ್ನುವವು. ಆದದರಿಂದ ಚೀಲವು ಒಯ್ಯುವದಕ್ಕೇ ಹೊರತು ಇಡುವದಕ್ಕಲ್ಲ.

ಎಣ್ಣೆಯ ಮಾತೂ ಹಾಗೆಯೇ. ಮನೆಯಲ್ಲಿ ಕುಸುಬಿ ಎಣ್ಣೆ ಇದೆ, ಎರಡು ಹನಿ ಬಿಟ್ಟರೆ ಸಾಕೆಂದು ತಿಳಿಯುವರು. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ಬಣ್ಣ ವಾರ್ನಿಶುಗಳಿಗೆ ಅದನ್ನು ಬಳಸುವದು ಆ ಗುಣಕ್ಕಾಗಿಯೇ. ಅಂಟು ಕಟ್ಟಿದ ಪಿಸ್ತೂಲು ಹಾರಬೇಕಾದಾಗ ಹಾರದು. ಹತಾರಕ್ಕೆಂದೇ ಮಾಡಿದ ತೆಳು ಎಣ್ಣೆ, ನಳಿಗೆಗೆ ಒಪ್ಪುವ ಕುಂಚ, ಹಳೆಯ ಮೆತ್ತನ್ನ ಅರಿವೆ, ಇಷ್ಟು ಸಾಕು. ಎಣ್ಣೆಯೂ ಮಿತವಾಗಿರಬೇಕು, ಹೆಚ್ಚಾದರೆ ಧೂಳನ್ನು ಕರೆಯುವದು, ಕಾಡತೂಸಿನ ಒಳಕ್ಕೆ ಇಳಿದು ಮದ್ದನ್ನೂ ಕೆಡಿಸೀತು.

ಇವೆಲ್ಲಕ್ಕಿಂತ ಮೊದಲಿನ ಪಾಠವೊಂದಿದೆ. ಅದನ್ನು ಮರೆತು ಜೀವಗಳು ಹೋಗಿವೆ. ತಾನೇ ತುಂಬಿಕೊಳ್ಳುವ ಪಿಸ್ತೂಲಿನಿಂದ ಮ್ಯಾಗಜೀನನ್ನು ಎಳೆದು ತೆಗೆದವನು ಪಿಸ್ತೂಲು ಬರಿದಾಯಿತೆಂದು ನಂಬುವನು. ಆಗಿರುವದಿಲ್ಲ! ನಳಿಗೆಯ ಬುಡದ ಕೋಣೆಯಲ್ಲಿ ಒಂದು ಕಾಡತೂಸು ಕುಳಿತಿರಬಹುದು. ಕೆಲವು ಮಾದರಿಗಳಲ್ಲಿ ಬಿಚ್ಚುವ ಮೊದಲು ಟ್ರಿಗರನ್ನು ಎಳೆಯಲೇಬೇಕು. ಮ್ಯಾಗಜೀನು ಮೇಜಿನ ಮೇಲೆ, ಗುಂಡು ಕೋಣೆಯಲ್ಲಿ, ಮಗ್ಗುಲಲ್ಲಿ ಆಡುವ ಮಗು: ಅನರ್ಥಕ್ಕೆ ಇನ್ನೇನು ಬೇಕು? ಆದುದರಿಂದ ಮೊದಲು ಮ್ಯಾಗಜೀನು ತೆಗೆಯಬೇಕು. ಬಳಿಕ ಸ್ಲೈಡನ್ನು ಹಿಂದಕ್ಕೆ ಎಳೆದು ಹಿಡಿದು ಕೋಣೆಯನ್ನು ಕಣ್ಣಿನಿಂದ ನೋಡಬೇಕು, ಬೆರಳಿನಿಂದ ಮುಟ್ಟಿ ನೋಡಬೇಕು. ಈ ಕ್ರಮ ತಲೆಕೆಳಗಾದರೆ ಮ್ಯಾಗಜೀನಿನಿಂದ ಇನ್ನೊಂದು ಕಾಡತೂಸು ಮೇಲೇರಿ ಕೂಡ್ರುವದು. ಇಷ್ಟೂ ಹೊತ್ತು ಬಾಯಿ ಸುರಕ್ಷಿತ ದಿಕ್ಕಿಗಿರಬೇಕು. ಕಾಡತೂಸುಗಳು ಆ ಕೋಣೆಯಲ್ಲಿಯೇ ಇರಬಾರದು. ಅನಂತರ ತಯಾರಕರ ಪುಸ್ತಕ ಹೇಳಿದಷ್ಟು ಮಾತ್ರ, ಅಂದರೆ ಸ್ಲೈಡು, ನಳಿಗೆ, ಸ್ಪ್ರಿಂಗು, ಮ್ಯಾಗಜೀನುಗಳನ್ನು ಮಾತ್ರ, ಬಿಚ್ಚಿ ಒರೆಸಿ ಕೂಡಿಸಬಹುದು.

ಅಲ್ಲಿಂದ ಮುಂದೆ ಮಾಲಿಕನ ಕೈ ನಿಲ್ಲಬೇಕು. ಭಾಗಗಳನ್ನು ಹೊಸದಾಗಿ ಕೂಡಿಸುವದು ಶುಚಿಮಾಡಿದಂತಲ್ಲ. ಕಾಡತೂಸಿಗೆ ಪೆಟ್ಟು ಕೊಡುವ ಪಿನ್ನು ತುಸು ಗಿಡ್ಡಾದರೆ ಗುಂಡು ಹಾರದು. ತುಸು ಉದ್ದಾದರೆ ಸ್ಲೈಡು ಮುಚ್ಚಿದೊಡನೆಯೇ ಹಾರೀತು. ಕುದುರೆಯನ್ನು ತಡೆದು ಹಿಡಿಯುವ ಹಲ್ಲನ್ನು ಅರದಿಂದ ಉಜ್ಜಿದವನ ಪಿಸ್ತೂಲು ಕೈಜಾರಿ ಬಿದ್ದಾಗ ತಾನಾಗಿ ಸಿಡಿಯಬಹುದು. ನೇಗಿಲಿನ ಕುಳ, ಗಾಡಿಯ ಅಚ್ಚುಗಳನ್ನು ನೆಟ್ಟಗೆ ಮಾಡುವ ನಮ್ಮ ಕಮ್ಮಾರನ ಜಾಣ್ಮೆಯನ್ನು ಹೀಗಳೆಯುವ ಮಾತಲ್ಲ ಇದು. ಕೂದಲೆಳೆಯ ಅಳತೆಯ ಕೆಲಸಕ್ಕೆ ಬೇರೆ ಶಿಕ್ಷಣ ಬೇಕು. ಕಾಯಿದೆಯೂ ಇಲ್ಲಿ ನಿಷ್ಠುರವಾಗಿದೆ. ಅದರ ವ್ಯಾಖ್ಯೆಯಲ್ಲಿ ಹತಾರವೆಂದರೆ ಹತಾರದ ಭಾಗಗಳೂ ಸೇರಿದವು. 5ನೆಯ ಕಲಮಿನಂತೆ ದುರಸ್ತಿಗೂ ಪರವಾನಿಗೆ ಬೇಕು. ನಳಿಗೆಯನ್ನು ಗಿಡ್ಡ ಮಾಡುವದನ್ನು 6ನೆಯ ಕಲಮು ಪ್ರತ್ಯೇಕವಾಗಿ ನಿಷೇಧಿಸಿದೆ. ಎಲ್ಲಿಂದಲೋ ಟಪಾಲಿನಲ್ಲಿ ತರಿಸಿದ ಒಂದು ಭಾಗವು ಸಭ್ಯ ಗೃಹಸ್ಥನನ್ನು ಆರೋಪಿಯಾಗಿಸಬಲ್ಲುದು.

ಹಾಗಾದರೆ ತಾಲೂಕಿನ ಪರವಾನಿಗೆದಾರನು ಎಲ್ಲಿಗೆ ಹೋಗಬೇಕು? ಪರವಾನಿಗೆಯುಳ್ಳ ದುರಸ್ತಿಗಾರರು ದೊಡ್ಡ ಊರುಗಳ ಅಂಗಡಿಗಳನ್ನು ಬಿಟ್ಟು ಸಿಗುವದು ಕಷ್ಟ. ಹತಾರು ಹಿಡಿದು ಬಸ್ಸು ಹತ್ತುವದಕ್ಕೆ ಅಂಜಿ ಮನೆಯಲ್ಲಿಯೇ ಪ್ರಯೋಗಕ್ಕೆ ತೊಡಗುವವನು ಕೇವಲ ಮೂರ್ಖನಲ್ಲ. ಅವನಿಗೆ ಬೇರೆ ದಾರಿಯನ್ನು ಯಾರೂ ತೋರಿಸಿಲ್ಲ.

ಚುನಾವಣೆಯ ಕಾಲದ ಸಂಕಟ ಮತ್ತೊಂದು. 2024ರ ಲೋಕಸಭೆಯ ಚುನಾವಣೆ ಮಾರ್ಚ್ 16ರಂದು ಘೋಷಿತವಾಯಿತು. ಹಾವೇರಿ ಕ್ಷೇತ್ರದಲ್ಲಿ ಮೇ 7ಕ್ಕೆ ಮತದಾನ, ಜೂನ್ 4ಕ್ಕೆ ಎಣಿಕೆ. ಎಂಬತ್ತು ದಿನಗಳು! ಹತಾರುಗಳನ್ನು ಠಾಣೆಗೆ ಒಪ್ಪಿಸಿಕೊಳ್ಳುವದು ಶಾಂತಿಗೆ ಅವಶ್ಯವಿದ್ದೀತು, ಯಾರನ್ನು ಬಿಡಬೇಕೆಂದು ವಿಚಾರಿಸಲು ಸಮಿತಿಯೂ ಉಂಟು. ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಒಪ್ಪಿಸುವಾಗ ಒರೆಸದೆ ಎಣ್ಣೆಯಿಲ್ಲದೆ ಕೊಟ್ಟು, ಮುಂಗಾರಿನ ಹೊತ್ತಿಗೆ ಬಿಡಿಸಿಕೊಂಡು, ಬಿಚ್ಚಿ ನೋಡದೆ ಪೆಟ್ಟಿಗೆಗೆ ಸೇರಿಸಿದರೆ ಆ ಹತಾರದ ಸ್ಥಿತಿ ಏನಾದೀತು?

ಉಪಾಯವು ದೂರದಲ್ಲಿಲ್ಲ. ಜಿಲ್ಲೆಯ ಸಶಸ್ತ್ರ ಪೋಲೀಸು ದಳದಲ್ಲಿ ಹತಾರುಗಳನ್ನು ನೋಡಿಕೊಳ್ಳುವ ಅನುಭವಿಗಳಿರುವರು. ಹಾವೇರಿಯಲ್ಲಿ ಅಥವಾ ತಾಲೂಕು ಠಾಣೆಗಳಲ್ಲಿ ವರ್ಷಕ್ಕೊಂದು ದಿನ ಪರವಾನಿಗೆದಾರರನ್ನು ಬರಿದಾದ ಹತಾರುಗಳೊಡನೆ ಕರೆಸಿ, ಬಿಚ್ಚುವ ಒರೆಸುವ ಕ್ರಮವನ್ನು ಅವರ ಕೈಯಿಂದಲೇ ಮಾಡಿಸಿ, ಸವೆದ ಭಾಗಗಳನ್ನು ಗುರುತಿಸಿ ದುರಸ್ತಿಗೆ ಚೀಟಿ ಬರೆದು ಕೊಟ್ಟರೆ ಬೊಕ್ಕಸಕ್ಕೆ ಭಾರವೇನೂ ಆಗಲಾರದು. 2019ರ ತಿದ್ದುಪಡಿಯಿಂದ ಪರವಾನಿಗೆಯ ಅವಧಿ ಮೂರರಿಂದ ಐದು ವರ್ಷಗಳಿಗೆ ಏರಿದೆ. ಅಧಿಕಾರಿಯ ಕಣ್ಣಿಗೆ ಹತಾರು ಬೀಳುವ ಸಂದರ್ಭವೂ ಅಷ್ಟು ವಿರಳವಾಯಿತು. ಜಿಲ್ಲಾಧಿಕಾರಿಗಳೂ ಪೋಲೀಸು ಅಧೀಕ್ಷಕರೂ ಬರುವ ಖಂಡೇನವಮಿಯ ಮುಂಚಿನ ವಾರವನ್ನೇ ಇದಕ್ಕೆ ಗೊತ್ತುಮಾಡಲಿ. ಮಳೆಯ ತೇವವೂ ಆಗ ಇಳಿದಿರುವದು, ಹತಾರುಗಳೂ ಹೇಗಿದ್ದರೂ ಪೆಟ್ಟಿಗೆಯಿಂದ ಹೊರಬರುವವು.