ಸ್ಟಾರ್ಟ್ ಆಗಲೇಬೇಕಾದ ಇಂಜಿನ್ನು

ಹೀರೋ ನೀರಿನ ಮೇಲೆ ನಿಂತುಕೊಂಡೇ ಬರ್ರನೆ ಬರುತ್ತಾನೆ. ಹಿಂದೆ ಬಿಳಿ ನೊರೆಯ ಬಾಲ. ವಿಲನ್ನಿನ ದೋಣಿಗೆ ಎರಡು ಸುತ್ತು ಹಾಕಿ, ಕೂದಲು ಕೊಡವಿ, ಕ್ಯಾಮೆರಾ ಕಡೆ ಒಂದು ನಗೆ... ಮುಂದಿನ ಬೆಂಚಿನಿಂದ ಶಿಳ್ಳೆಯೋ ಶಿಳ್ಳೆ! ಆ ಶಿಳ್ಳೆಗಳಲ್ಲಿ ನನ್ನದೂ ಒಂದಿರುತ್ತೆ, ಸುಳ್ಳು ಯಾಕೆ ಹೇಳಲಿ?

ಆದರೆ ಓದುಗ ಮಿತ್ರರೇ, ಈ ವಾರ ನಾನು ಹೇಳಹೊರಟಿರುವುದು ಹೀರೋ ವಿಷಯ ಅಲ್ಲ. ಅವನ ಕಾಲಡಿಯ ಗಾಡಿಯ ವಿಷಯ. ಆ ಗಾಡಿಯಿಂದ ನನ್ನ ಕೈಗೆ ಬರಬೇಕಿದ್ದ ದುಡ್ಡು ತಪ್ಪಿಹೋಯಿತು. ತಪ್ಪಿಹೋದದ್ದೇ ಒಳ್ಳೆಯದಾಯಿತು ಅಂತ ತಿಳಿಯುವುದಕ್ಕೆ ನನಗೆ ಒಂದು ರಾತ್ರಿ ಬೇಕಾಯಿತು.

ಘಾಟಿ ಸುಬ್ರಹ್ಮಣ್ಯಕ್ಕೆ ನೀವು ಹೋಗಿರುತ್ತೀರಿ. ದೊಡ್ಡಬಳ್ಳಾಪುರ ದಾಟಿ, ಮಾಕಳಿದುರ್ಗದ ಬೆಟ್ಟ ಕಣ್ಣಿಗೆ ಬಿದ್ದರೆ ದೇವಸ್ಥಾನ ಹತ್ತಿರ ಬಂತು ಅಂತ ಲೆಕ್ಕ. ಒಂದೇ ಶಿಲೆಯಲ್ಲಿ ಇಬ್ಬರು ದೇವರು. ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿರುವ ನರಸಿಂಹನನ್ನು ನೋಡಬೇಕಾದರೆ ಅಲ್ಲಿಟ್ಟಿರುವ ಕನ್ನಡಿಯಲ್ಲೇ ನೋಡಬೇಕು. ಈ ಕನ್ನಡಿ ವಿಷಯ ಸ್ವಲ್ಪ ನೆನಪಿಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತೆ.

ಅಲ್ಲೇ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರಮಾವನ ಮನೆ. ಸಿನಿಮಾದವರ ಔಟ್‌ಡೋರ್ ಯೂನಿಟ್ಟಿನ ಜನರೇಟರ್ ವ್ಯಾನಿನ ಜೊತೆ ಊರೂರು ಸುತ್ತಿದ ಮನುಷ್ಯ. ಎಷ್ಟೋ ಹೀರೋಗಳ ಮುಖಕ್ಕೆ ಬೆಳಕು ಕೊಟ್ಟಿದ್ದಾರೆ, ಅವರ ಮುಖ ಮಾತ್ರ ಯಾವ ಪರದೆಯ ಮೇಲೂ ಬಂದಿಲ್ಲ. ಈಗ ಊರಲ್ಲೇ ಇದ್ದು, ದನದ ಕೊಟ್ಟಿಗೆಯ ಅರ್ಧ ಭಾಗದಲ್ಲಿ ರಿಪೇರಿ ಅಂಗಡಿ. ದೊಡ್ಡಬಳ್ಳಾಪುರದ ಮಗ್ಗದ ಮೋಟಾರುಗಳು, ಪಂಪ್‌ಸೆಟ್ಟು, ಹಳೇ ಯೆಜ್ಡಿ ಬೈಕು, ಏನು ಬಂದರೂ ಸರಿ.

ಅಲ್ಲಿಗೆ ಒಂದು ದಿನ ಗೋವಾ ಕಡೆಯ ಗುಜರಿಯಿಂದ ಲಾರಿಯಲ್ಲಿ ಬಂದಿಳಿಯಿತು ಒಂದು ವಿಚಿತ್ರ ವಸ್ತು. ಬಣ್ಣ ಹೋದ ಫೈಬರ್ ಒಡಲು, ಮುಂದೆ ಮೇಲಕ್ಕೆ ಕೆಳಕ್ಕೆ ಆಡುವ ಉದ್ದನೆಯ ಹಿಡಿ, ಕೂರುವುದಕ್ಕೆ ಸೀಟೇ ಇಲ್ಲ! ನಮ್ಮತ್ತೆ ನೋಡಿದವರೇ, 'ಇದೇನ್ರೀ, ಸ್ನಾನದ ತೊಟ್ಟಿಗೆ ಹ್ಯಾಂಡಲ್ ಹಾಕ್ಸಿ ತಂದಿದ್ದೀರಾ?' ಅಂದರಂತೆ.

ಅದು ಕವಾಸಾಕಿಯವರ ಹಳೇ ಜೆಟ್ ಸ್ಕೀ, ಜೆ.ಎಸ್. ೫೫೦. ನಿಂತು ಓಡಿಸುವ ಜಾತಿ. ಇದರ ಕಥೆಯೂ ಒಂದು ಸಿನಿಮಾ ಹಾಗೇ ಇದೆ. ಕ್ಲೇಟನ್ ಜೇಕಬ್‌ಸನ್ ಅಂತ ಅಮೆರಿಕದ ಒಬ್ಬ ಬೈಕ್ ರೇಸುಗಾರ. ಮಣ್ಣಿನ ಮೇಲೆ ಬಿದ್ದೂ ಬಿದ್ದೂ ಸಾಕಾಗಿ, ನೀರಿನ ಮೇಲೆ ಓಡುವ ಬೈಕು ಮಾಡಿದರೆ ಹೇಗೆ ಅಂತ ಯೋಚಿಸಿದ. ೧೯೬೮ರಲ್ಲಿ ಬಾಂಬಾರ್ಡಿಯರ್ ಕಂಪನಿ ಅವನ ವಿಚಾರ ಹಿಡಿದು ಕೂತು ಓಡಿಸುವ ಸೀ-ಡೂ ತಂದಿತು, ಅದು ಓಡಲಿಲ್ಲ. ೧೯೭೩ರಲ್ಲಿ ಕವಾಸಾಕಿಯವರು ನಿಂತು ಓಡಿಸುವುದನ್ನು ಮಾಡಿದರು, ಅದು ಓಡಿತು. ೧೯೭೭ರ 'ದಿ ಸ್ಪೈ ಹೂ ಲವ್ಡ್ ಮಿ' ಚಿತ್ರದಲ್ಲಿ ಬಾಂಡ್ ಓಡಿಸುವುದು ಇದೇ ಅಂತ ಬಹಳ ಜನ ವಾದ ಮಾಡುತ್ತಾರೆ. ಅಲ್ಲ, ಅದು ವೆಟ್‌ಬೈಕ್ ಅಂತ ಬೇರೆ ಗಾಡಿ, ಸೀಟಿದೆ. ನಮ್ಮ ರಾಜಣ್ಣ ಸಿ.ಐ.ಡಿ. ೯೯೯ ಆಗಿ 'ಜೇಡರ ಬಲೆ'ಗೆ ಬಂದ ೧೯೬೮ರಲ್ಲಿ ಈ ನಿಂತು ಓಡಿಸುವ ಗಾಡಿ ಮಾರುಕಟ್ಟೆಗೇ ಬಂದಿರಲಿಲ್ಲ!

ಜೆಟ್ ಅಂದರೆ ವಿಮಾನದ್ದಲ್ಲ. ಹೊಟ್ಟೆಯ ಕೆಳಗಿನಿಂದ ನೀರು ಹೀರಿ ಹಿಂದಕ್ಕೆ ರಭಸವಾಗಿ ಚಿಮ್ಮುವ ಪಂಪು, ಅಷ್ಟೇ. ಆ ಪಂಪು ತಿರುಗಿಸುವುದಕ್ಕೆ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಇಂಜಿನ್ನು. ಮಾವನಿಗೆ ಧೈರ್ಯ ಬಂದದ್ದೇ ಅಲ್ಲಿ. 'ಇದು ನಮ್ ಮೈಸೂರಿನ ಯೆಜ್ಡಿಗೆ ದೊಡ್ಡಣ್ಣ ಕಣ್ಲಾ. ಉಸಿರಾಡೋ ರೀತಿ ಒಂದೇ. ಅದು ಗಾಳಿಗೆ ತಣ್ಣಗಾಯ್ತದೆ, ಇದು ನೀರಿಗೆ. ಇನ್ನೇನೈತೆ?' ಅಂದರು.

ಇನ್ನೇನಿದೆ ಅನ್ನುವುದು ಬಿಚ್ಚಿದ ಮೇಲೆ ಗೊತ್ತಾಯಿತು! ಉಪ್ಪುನೀರು ಕುಡಿದ ಇಂಜಿನ್ನು ಕಲ್ಲಿನ ಹಾಗೆ ಹಿಡಿದುಬಿಟ್ಟಿತ್ತು. ಪ್ಲಗ್ ತೆಗೆದು ಆ ತೂತಿಗೆ ಡೀಸೆಲ್ ಸುರಿದು ನಾಲ್ಕು ದಿನ ಬಿಟ್ಟ ಮೇಲೆ ಪಿಸ್ಟನ್ ಒಂದಿಷ್ಟು ಅಲುಗಾಡಿತು. ಒಡಲಿನೊಳಗೆ ತೇಲಲಿಕ್ಕೆ ಅಂತ ತುಂಬಿದ್ದ ಫೋಮು ನೀರು ಹೀರಿ ತೂಕ ಏರಿಸಿತ್ತು. ಕೆರೆದು ತೆಗೆದು, ಬಿಸಿಲಿಗಿಟ್ಟು, ಹೊಸದು ತುಂಬಿದ್ದಾಯಿತು. ಬೇರಿಂಗು, ಆಯಿಲ್ ಸೀಲು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಳತೆ ನೋಡಿ ತಂದರು. ಪಿಸ್ಟನ್ ಮಾತ್ರ ಹೊರದೇಶದಿಂದ ಬರಬೇಕಾಯಿತು. ಅದರ ಬೆಲೆ ಅತ್ತೆಗೆ ಇನ್ನೂ ಗೊತ್ತಿಲ್ಲ, ಅವರು ಈ ಪತ್ರಿಕೆ ಓದುವುದಿಲ್ಲ ಅನ್ನೋ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇಂಜಿನ್ನು ಜೋಡಿಸಿದ ಮೇಲೆ ಮಾವ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಗಾಳಿ ಹೋಗುವ ಬರುವ ದಾರಿಗಳಿಗೆಲ್ಲ ಸೈಕಲ್ ಟ್ಯೂಬಿನ ರಬ್ಬರು, ತಗಡು ಕೊಟ್ಟು ಬಿಗಿದರು. ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ತುಂಬಿ, ಸಂದುಸಂದಿಗೂ ಸೋಪಿನ ನೀರು ಹಚ್ಚಿದರು. ಒಂದು ಸೀಲಿನ ಹತ್ತಿರ ಸಣ್ಣ ಗುಳ್ಳೆ ಎದ್ದಿತು. ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು! ಅಲ್ಲಿಂದ ಗಾಳಿ ಒಳಗೆ ಸೇರಿದರೆ ಪೆಟ್ರೋಲು-ಆಯಿಲಿನ ಪಾಲು ಕಡಿಮೆಯಾಗಿ ಪಿಸ್ಟನ್ ಕರಗಿಹೋಗುತ್ತಂತೆ. 'ಇವತ್ತು ಗುಳ್ಳೆ, ನಾಳೆ ನೀರ್ ಮಧ್ಯೆ ನಿಂತ್ಕಂತದೆ' ಅಂದರು.

ಊರ ಹುಡುಗರದ್ದು ಬೇರೆ ರಾಗ. 'ಹೆಡ್ ಉಜ್ಜಿಸಿ ಕಂಪ್ರೆಷನ್ ಏರ್ಸಿ ಮಾಮ, ದೊಡ್ಡ ಕಾರ್ಬುರೇಟರ್ ಹಾಕ್ಸಿ, ರಾಕೆಟ್ ಆಗ್ತದೆ!' ಮಾವ ನಕ್ಕರು. 'ಸ್ಪೀಡು ಗಾಡಿ ಯಾಕ್ರಲಾ ಕೊಡ್ಬೇಕು? ಕ್ಯಾಮೆರಾದೋರು ಕೊಡ್ತಾರೆ.' ನಿಜವಾದ ಮಾತು. ಸೆಕೆಂಡಿಗೆ ೨೪ ಫ್ರೇಮಿನ ಬದಲು ೧೮ ಫ್ರೇಮಿನಲ್ಲಿ ತೆಗೆದು ೨೪ರಲ್ಲಿ ತೋರಿಸಿದರೆ ಎತ್ತಿನಗಾಡಿಯೂ ಓಡುತ್ತೆ. ನಾವು ಶಿಳ್ಳೆ ಹೊಡೆದ ಎಷ್ಟೋ ಚೇಸುಗಳ ಗುಟ್ಟು ಅಷ್ಟೇ.

ಅವರು ಮಾಡಿದ ಬದಲಾವಣೆ ಬೇರೆ. ಈ ಹಳೇ ಗಾಡಿಗಳಲ್ಲಿ ಸವಾರ ಬಿದ್ದರೆ ಇಂಜಿನ್ನು ನಿಲ್ಲುವುದಿಲ್ಲ. ಸಾಕಿದ ನಾಯಿಯ ಹಾಗೆ ನಿಧಾನವಾಗಿ ಅಲ್ಲೇ ಸುತ್ತು ಹೊಡೆಯುತ್ತಾ ಕಾಯುತ್ತೆ. ಖಾಲಿ ಸಮುದ್ರದಲ್ಲಿ ಅದು ಚೆಂದ. ಶೂಟಿಂಗಿನಲ್ಲಿ ನೀರೊಳಗೆ ಇನ್ನೂ ನಾಲ್ಕು ಜನ ಇರುತ್ತಾರೆ, ಅವರ ತಲೆಗೆ ಬಡಿದರೆ? ಅದಕ್ಕೆ ಸವಾರನ ಮಣಿಕಟ್ಟಿಗೆ ದಾರ ಕಟ್ಟಿ, ಬಿದ್ದ ತಕ್ಷಣ ಇಂಜಿನ್ನು ಆಫ್ ಆಗುವ ಸ್ವಿಚ್ಚು ಹಾಕಿದರು. ಒಳಗೆ ಸೇರಿದ ನೀರು ಹೊರಹಾಕಲು ಪುಟ್ಟ ಪಂಪು ಇಟ್ಟರು. ಆದರೆ ಒಂದು ಗಮನಿಸಿ: ಬಿದ್ದಾಗಲೆಲ್ಲ ಇಂಜಿನ್ನು ನಿಂತರೆ, ಪ್ರತಿ ಸಲವೂ ಅದು ಮತ್ತೆ ಸ್ಟಾರ್ಟ್ ಆಗಲೇಬೇಕು.

ಈಗ ಕಥೆಯೊಳಗೆ ನನ್ನ ಪ್ರವೇಶ. ಒಂದು ಚಿತ್ರದ ಪ್ರೊಡಕ್ಷನ್ ಮ್ಯಾನೇಜರು ಪರಿಚಯದವರು. ಜಲಾಶಯದಲ್ಲಿ ಚೇಸ್ ಇದೆ ಅಂದರು, ನಾನು ಮಾವನ ಗಾಡಿ ಹೇಳಿದೆ. ಎರಡು ದಿನದ ಬಾಡಿಗೆ, ಅದರಲ್ಲಿ ನನಗೂ ಒಂದು ಪಾಲು. ಮೂರು ತಿಂಗಳ ರೂಮ್ ಬಾಡಿಗೆ ಬಾಕಿ ಇಟ್ಟುಕೊಂಡವನಿಗೆ ಅದು ಸಣ್ಣ ಮೊತ್ತವಲ್ಲ. ಮಾತು ಮುಗಿಯುವ ಹೊತ್ತಿಗೆ ಅವರು ಅಂದರು: 'ಹಾಗೇ ಸಾರ್, ಯಾರಾದ್ರೂ ನೀರಿಗೆ ಬಿದ್ರೆ ಎತ್ಕೊಂಡು ಬರೋಕೂ ಇದೇ ಆಗುತ್ತಲ್ಲ? ಬೇರೆ ಬೋಟ್ ಖರ್ಚು ಉಳಿಯುತ್ತೆ.' ನಾನು 'ಧಾರಾಳವಾಗಿ' ಅಂದುಬಿಟ್ಟೆ.

ಶೂಟಿಂಗಿಗೆ ಮೂರು ದಿನ ಮುಂಚೆ ಪರೀಕ್ಷೆ. ಪಕ್ಕದ ತೋಟದ ಕೃಷಿ ಹೊಂಡದಲ್ಲಿ ಗಾಡಿ ಇಳಿಸಿ ಎರಡೂ ಕಡೆ ಹಗ್ಗ ಕಟ್ಟಿದರು. ಮಾವನ ನಿಯಮ ಹತ್ತು ಸ್ಟಾರ್ಟು. ಐದು ತಣ್ಣಗಿದ್ದಾಗ, ಐದು ಬಿಸಿಯಾದ ಮೇಲೆ, ಮಧ್ಯೆ ಒಂದು ಸಲ ಮಗುಚಿ ಎತ್ತಿಯೂ ಆಗಬೇಕು. ಮಗುಚಿದ್ದನ್ನು ಎತ್ತುವಾಗಲೂ ಸರಿಯಾದ ಕಡೆಗೇ ಹೊರಳಿಸಬೇಕು. ತಪ್ಪಿದರೆ ಸೈಲೆನ್ಸರಿನ ನೀರು ಸಿಲಿಂಡರಿಗೆ. ಒಂದು, ಎರಡು, ಮೂರು... ಗುಂಡಿ ಒತ್ತಿದರೆ ಬರ್ರ್! ದಡದ ಮೇಲೆ ಹುಡುಗರ ಕೇಕೆ. ನಾನು ಮನಸ್ಸಿನಲ್ಲೇ ರೂಮ್ ಬಾಡಿಗೆ ಕಟ್ಟಿಬಿಟ್ಟಿದ್ದೆ.

ಎಂಟನೆಯದಕ್ಕೆ 'ಟಿಕ್' ಅಂತು. ಅಷ್ಟೇ. ಮತ್ತೆ ಒತ್ತಿದರು. 'ಟಿಕ್.'

ಕರೆಂಟಿನ ಡಬ್ಬಿ ಬಿಚ್ಚಿ ನೋಡಿದರೆ ಒಳಗೆ ತೇವ. ಸ್ಟಾರ್ಟರ್ ರಿಲೇಯ ತುದಿ ಉಪ್ಪಿಗೆ ಹಸಿರುಗಟ್ಟಿ ವೈರು ಸಡಿಲ. ಉಜ್ಜಿ ಬಿಗಿದ ಮೇಲೆ ಒಂದೇ ಸಲಕ್ಕೆ ಹಿಡಿಯಿತು. ನನಗೆ ಹೋದ ಜೀವ ಬಂತು. ಮಾವ ಮಾತ್ರ ಕೈ ಒರೆಸಿಕೊಂಡು ಫೋನ್ ತೆಗೆದರು. ಮ್ಯಾನೇಜರಿಗೆ ಹೇಳಿದ್ದಿಷ್ಟೇ: 'ಸಾರ್, ಗಾಡಿ ರೆಡಿ ಇಲ್ಲ. ವೈರಿಂಗೆಲ್ಲ ಹೊಸದಾಗಿ ಆಗ್ಬೇಕು. ಇನ್ನೊಂದ್ ಮಾತು, ಇದ್ರಲ್ಲಿ ಮುಳುಗೋರನ್ನ ಎತ್ತೋಕಾಗಲ್ಲ. ಅದಕ್ಕೆ ಬೇರೆ ದೋಣಿ ಇಡ್ಲೇಬೇಕು.' ಆ ಕಡೆಯಿಂದ ಫೋನ್ ಕಟ್. ಬಾಡಿಗೆಯೂ ಕಟ್!

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. 'ಒಂದು ವೈರಿಗೆ ಇಷ್ಟು ರಾದ್ಧಾಂತವಾ ಮಾವ? ಸರಿ ಹೋಯ್ತಲ್ಲ!' ಅಂದೆ. ಅವರು ಉತ್ತರ ಕೊಡಲಿಲ್ಲ. ರಾತ್ರಿ ಅತ್ತೆ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ನಾನು ಮುಖ ಊದಿಸಿಕೊಂಡೇ ಉಣ್ಣುತ್ತಿದ್ದೆ. ಆಗ ಕೇಳಿದರು: 'ತಿಪ್ಪಗೊಂಡನಹಳ್ಳಿ ನೆನಪೈತೇನ್ಲಾ ಅಳಿಯ?'

ನೆನಪಿಲ್ಲದೆ ಏನು? ೨೦೧೬ರ ನವೆಂಬರ್ ೭. 'ಮಾಸ್ತಿಗುಡಿ' ಚಿತ್ರದ ಕ್ಲೈಮ್ಯಾಕ್ಸ್. ನಂದಿ ಬೆಟ್ಟದಲ್ಲಿ ಹುಟ್ಟಿ, ನಮ್ಮ ದೊಡ್ಡಬಳ್ಳಾಪುರದ ಮೇಲೇ ಹಾದು, ಹೆಸರಘಟ್ಟ ದಾಟಿ ಹೋಗುವ ಅರ್ಕಾವತಿಗೆ ಕಟ್ಟಿದ ಜಲಾಶಯ ಅದು. ಹೆಲಿಕಾಪ್ಟರಿನಿಂದ ದುನಿಯಾ ವಿಜಯ್, ಅನಿಲ್, ಉದಯ್ ಮೂವರೂ ನೀರಿಗೆ ಹಾರಿದರು. ವಿಜಯ್ ದಡ ಸೇರಿದರು. ಅನಿಲ್, ಉದಯ್ ಸೇರಲಿಲ್ಲ. ರಕ್ಷಣೆಗೆ ಹೋಗಬೇಕಿದ್ದ ಮೋಟಾರು ದೋಣಿ ಸಮಯಕ್ಕೆ ತಲುಪಲಿಲ್ಲ ಅಂತ ಮರುದಿನದ ಪತ್ರಿಕೆಗಳು ಬರೆದವು. ಅವರಿಬ್ಬರೂ ನೀರಿನಲ್ಲಿ ಕೈ ಬಡಿಯುತ್ತಿದ್ದ ದೃಶ್ಯ ಟಿ.ವಿ.ಯಲ್ಲಿ ಮತ್ತೆ ಮತ್ತೆ ಬಂತು. ನಾನೂ ನೋಡಿದೆ, ನೀವೂ ನೋಡಿರುತ್ತೀರಿ. ವಿಲನ್ ಆಗಿ ಆಗತಾನೇ ಹೆಸರು ಮಾಡುತ್ತಿದ್ದ ಇಬ್ಬರು ಹುಡುಗರು. ೨೦೨೧ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ 'ಲವ್ ಯೂ ರಚ್ಚು' ಶೂಟಿಂಗಿನಲ್ಲಿ ಕರೆಂಟು ಹೊಡೆದು ಸಾಹಸ ಕಲಾವಿದ ವಿವೇಕ್ ತೀರಿಕೊಂಡ. ಐದು ವರ್ಷವೂ ತುಂಬಿರಲಿಲ್ಲ!

'ನೀನು ಧಾರಾಳವಾಗಿ ಅಂದ್ಯಂತಲ್ಲ,' ಅಂದರು ಮಾವ. ದನಿ ಏರಿಸಲಿಲ್ಲ. 'ಆ ಗಾಡೀಲಿ ನಿಂತ್ಕಳ್ಳೋಕೆ ಒಬ್ನಿಗೇ ಜಾಗ. ಮುಳುಗೋನು ಬಂದು ತಬ್ಕಂಡ್ರೆ ಇಬ್ರೂ ನೀರಿಗೆ. ಆಕ್ಸಿಲರೇಟರ್ ಬಿಟ್ರೆ ಹ್ಯಾಂಡಲ್ ತಿರುಗಿಸಿದ್ರೂ ಗಾಡಿ ತಿರುಗಲ್ಲ, ಮುಳುಗ್ತಿರೋನ ಮೇಲೇ ಹೋಯ್ತದೆ. ಅಂಥದ್ರಲ್ಲಿ ಎಂಟ್ನೇ ಸಲಕ್ಕೆ ಟಿಕ್ ಅನ್ನೋ ಗಾಡಿ ನಂಬ್ಕಂಡು ಯಾರದೋ ಮಗ ಹಾರ್ಬೇಕಾ?'

ಮುದ್ದೆ ಗಂಟಲಲ್ಲೇ ನಿಂತಿತು.

ಜೀವರಕ್ಷಕರು ಬಳಸುವ ಗಾಡಿ ಬೇರೆ. ಕೂತು ಓಡಿಸುವುದು, ಹಿಂದೆ ಅಗಲವಾದ ತೇಲುಹಲಗೆ, ಎತ್ತಿಕೊಳ್ಳಲು ಎರಡನೇ ಆಳು. ಅದೂ ಇಂಜಿನ್ನು ಚಾಲೂ ಇಟ್ಟುಕೊಂಡು ನೀರಿನ ಮೇಲೆಯೇ ಕಾಯಬೇಕು. 'ಆಕ್ಷನ್' ಅಂದ ಮೇಲೆ ದಡದಲ್ಲಿ ಗುಂಡಿ ಒತ್ತುವುದಲ್ಲ. ಹಾರುವವನ ಮೈಮೇಲೆ ಲೈಫ್ ಜಾಕೆಟ್ ಇರಬೇಕು, ಬಟ್ಟೆಯ ಒಳಗಾದರೂ ಸರಿ. ಈಜು ಬಾರದವನನ್ನು ಹಾರಿಸಲೇಬಾರದು. ಇದಕ್ಕೆಲ್ಲ ಕೋಟಿ ಬೇಕಾಗಿಲ್ಲ. ಒಂದು ಹಾಡಿನ ಸೆಟ್ಟಿಗೆ ತರಿಸುವ ಹೂವಿನ ದುಡ್ಡು ಸಾಕಾಗಬಹುದು.

ಬೆಳಿಗ್ಗೆ ದೇವಸ್ಥಾನಕ್ಕೆ ಹೋದೆ. ಮುಂದಿನ ದೇವರಿಗೆ ಕೈ ಮುಗಿದು, ಕನ್ನಡಿಯಲ್ಲಿ ಹಿಂದಿನ ದೇವರನ್ನು ನೋಡಿದೆ. ಆ ಊರಿನ ಪದ್ಧತಿ ನನಗೆ ಅವತ್ತು ಇಷ್ಟವಾಯಿತು. ಹಿಂದೆ ನಿಂತವನೂ ದೇವರೇ, ಅವನನ್ನು ನೋಡದೆ ದರ್ಶನ ಪೂರ್ತಿಯಾಗುವುದಿಲ್ಲ ಅಂತ ಯಾರೋ ಹಿರಿಯರು ಒಂದು ಕನ್ನಡಿ ಇಟ್ಟಿದ್ದಾರೆ. ನಮ್ಮ ಗಾಂಧಿನಗರದಲ್ಲಿ ಹೀರೋ ಹಿಂದೆ ಹಾರುವವನಿಗೆ, ಬೀಳುವವನಿಗೆ ಅಂಥದ್ದೊಂದು ಕನ್ನಡಿ ಇಡುವವರು ಯಾರು?

ಅಂದ ಹಾಗೆ, ಮಾವ ವೈರಿಂಗ್ ಪೂರ್ತಿ ಹೊಸದು ಮಾಡಿ, ಡಬ್ಬಿಗೆ ಹೊಸ ರಬ್ಬರು ಕೊಟ್ಟಿದ್ದಾರೆ. ಹೋದ ಭಾನುವಾರ ನಾನೇ ಎದುರಿಗೆ ಕೂತು ಎಣಿಸಿದೆ. ನಲವತ್ತು ಸಲ ಒತ್ತಿದರು, ನಲವತ್ತು ಸಲವೂ ಹಿಡಿಯಿತು. ಬಾಡಿಗೆಗೆ ಯಾರೂ ಬಂದಿಲ್ಲ. ಬರುವವರು ಬರಬಹುದು, ಒಂದೇ ಷರತ್ತು: ಪಕ್ಕದಲ್ಲಿ ಬೇರೆ ದೋಣಿ ನಿಂತಿರಬೇಕು, ಅದರ ಇಂಜಿನ್ನು ಚಾಲೂ ಇರಬೇಕು.

ನನ್ನ ರೂಮ್ ಬಾಡಿಗೆ ಇನ್ನೂ ಬಾಕಿ ಇದೆ. ಇರಲಿ ಬಿಡಿ. ಮುಂದಿನ ವಾರ ಸಿಗೋಣ.