ಒಂದೇ ತೋಟ, ನಾಲ್ಕು ಹೆಸರು



ಕಳೆದ ಮಳೆಗಾಲದ ಹೊಸ್ತಿಲಲ್ಲಿ ಮಂಗಳೂರಿನಿಂದ ಮೈಲುತುತ್ತ ತಂದ ಲಾರಿ ನಮ್ಮಲ್ಲಿಗೆ ಬರುವ ಬದಲು ಹೊಳೆಯಾಚೆಯ ತೋಟದ ಗೇಟಿನಲ್ಲಿ ರಾತ್ರಿಯಿಡೀ ನಿಂತಿತ್ತು. ಚಾಲಕನದು ತಪ್ಪಲ್ಲ. ನಮ್ಮ ಗೇಟಿನ ಬೋರ್ಡಿನಲ್ಲಿರುವುದು ಇಂಗ್ಲಿಷ್ ಹೆಸರು; ಊರವರು ಕರೆಯುವುದು ಮನೆತನದ ಹೆಸರಿನಿಂದ; ಕೆಲಸದವರಿಗೆ ಅದು ‘ಮೇಲಿನ ತೋಟ’; ಪಂಚಾಯಿತಿ ಪುಸ್ತಕದಲ್ಲಿ ಬರೀ ಸಂಖ್ಯೆ, ಅದೂ ಹಳೆಯದೊಂದು, ಹೊಸದೊಂದು. ಅಂದು ಔಷಧಿ ಹೊಡೆಯುವುದು ಒಂದು ದಿನ ತಡವಾಯಿತು, ಅಷ್ಟೆ. ಬರಬೇಕಾದದ್ದು ಆಂಬುಲೆನ್ಸ್ ಆಗಿದ್ದರೆ?

2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ ಒಂದು ರೀತಿಯಲ್ಲಿ ಸಹಕಾರಿ ನಕ್ಷೆಯೇ. ಖಾತೆ ತೆರೆದ ಯಾರೂ ಅದರಲ್ಲಿ ತಮ್ಮ ಊರನ್ನು ಗುರುತಿಸಬಹುದು. ನಮ್ಮ ಹುಡುಗರು ಈಗ ಈ ಕೆಲಸಕ್ಕೆ ಕೈಹಾಕಿದ್ದಾರೆ, ಸಂತೋಷ. ಆದರೆ ಇರುವ ಹೆಸರನ್ನೆಲ್ಲ ಓರೆಗೆರೆ ಹಾಕಿ ಒಂದೇ ಕಾಲಮಿಗೆ ತುರುಕುವುದು ನನಗೆ ಒಪ್ಪಿಗೆಯಿಲ್ಲ. ಕನ್ನಡಕ್ಕೆ ‘ಕೆಎನ್’, ಇಂಗ್ಲಿಷಿಗೆ ‘ಇಎನ್’, ತುಳುವಿಗೆ ‘ಟಿಸಿವೈ’ ಎಂದು ಗುರುತು ಸೇರಿಸಿ ಬೇರೆ ಬೇರೆ ಕಾಲಂ ತುಂಬಲು ಅಲ್ಲಿ ಅವಕಾಶವಿದೆ. ಹಳೆಯ ಹೆಸರಿಗೊಂದು, ಬಾಯಿಮಾತಿನ ಹೆಸರಿಗೊಂದು ಕಾಲಮೂ ಉಂಟು. ಬ್ರಸೆಲ್ಸ್ ನಗರದಲ್ಲಿ ಫ್ರೆಂಚ್, ಡಚ್ ಎರಡೂ ಅಧಿಕೃತವಾದ್ದರಿಂದ ಬೀದಿಯ ಮುಖ್ಯ ಹೆಸರಿನಲ್ಲಿ ಎರಡನ್ನೂ ಜೋಡಿಸುತ್ತಾರೆ, ನಿಜ. ಆದರೆ ಅವನ್ನೇ ಪ್ರತ್ಯೇಕವಾಗಿಯೂ ಬರೆದಿಡುತ್ತಾರೆ. ಜೆಕ್ ದೇಶದಲ್ಲಿ ಅನೇಕ ಮನೆಗಳಿಗೆ ಊರಿನ ಲೆಕ್ಕದ ಸಂಖ್ಯೆಯೊಂದು, ಬೀದಿಯ ಲೆಕ್ಕದ್ದೊಂದು. ಅಲ್ಲೂ ಎರಡಕ್ಕೆ ಎರಡು ಕಾಲಂ.

ಬರೀ ಕನ್ನಡ ಸಾಕು ಎಂದು ಆಡಳಿತ ಮಂಡಳಿಯಲ್ಲಿ ಒಬ್ಬ ಹಿರಿಯರು ವಾದಿಸಿದರು. ಕನ್ನಡದ ಅಭಿಮಾನದಲ್ಲಿ ನಾನೂ ಹಿಂದಿಲ್ಲ. ಆದರೆ 2014ರ ನವೆಂಬರ್ 1ರಂದು ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ ಬದಲಾದ ಮೇಲೂ ಹಳೆಯ ಕಾಗುಣಿತದ ಬಿಲ್ಲುಗಳು ನನ್ನ ಮೇಜಿಗೆ ಬರುತ್ತಲೇ ಇವೆ. ಹುಡುಕುವವನು ತನಗೆ ಗೊತ್ತಿರುವ ಹೆಸರಿನಿಂದಲೇ ತಾನೇ ಹುಡುಕುವುದು? ಮುಖ್ಯ ಕಾಲಮಿನಲ್ಲಿ ಸ್ಥಳದಲ್ಲಿ ನಿಜವಾಗಿ ಬಳಕೆಯಲ್ಲಿರುವ ಹೆಸರಿರಲಿ, ಉಳಿದವು ತಮ್ಮ ತಮ್ಮ ಜಾಗದಲ್ಲಿರಲಿ.

ಇನ್ನೊಂದು ಮಾತು. ಬೀದಿಯೇ ಇಲ್ಲದ ನಮ್ಮಂಥ ಕಡೆ ‘ಸ್ಟ್ರೀಟ್’ ಕಾಲಮಿಗಾಗಿ ಹೊಸ ರಸ್ತೆ ಹುಟ್ಟಿಸಬೇಡಿ. ಊರಿನ ಅಥವಾ ಹಾಡಿಯ ಹೆಸರಿಗೆ ‘ಪ್ಲೇಸ್’ ಕಾಲಂ ಇದೆ. ಯಜಮಾನರ ಹೆಸರು, ಫೋನ್ ನಂಬರು ಮಾತ್ರ ಬೇಡವೇ ಬೇಡ.

ಸಂಘದ ಕಚೇರಿಗೆ ಬರುವಾಗ ಮನೆಕಂದಾಯದ ರಶೀದಿ ತನ್ನಿ, ಹಳೆಯದಿದ್ದರೆ ಅದನ್ನೂ. ಮನೆಯಲ್ಲಿ ಅಜ್ಜಿ ಇದ್ದರೆ ತೋಟದ ಹಳೆಯ ಹೆಸರನ್ನು ಅವರಲ್ಲಿ ಕೇಳಿಕೊಂಡೇ ಬನ್ನಿ.

— ಕಾರ್ಯದರ್ಶಿ